ಹೊಳೆ ದಂಡೆಯ ತನಕ ನೋಡಿದ ಪಿಕ್ಚರ್

ಸಿದ್ದಾಪುರ
17 ನವೆಂಬರ್ 2024

ರಂಗಕ್ಕನಿಗೆ ಲೋಹಿತನ ನಮಸ್ಕಾರ.

ಆವತ್ತು ನನಗೆ ನಿದ್ದೆ ಬಂದಿರಲಿಲ್ಲ.

ಯಾವತ್ತು ಅಂತ ಕೇಳುತ್ತೀರಿ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಾಗವೇಣಿ ಟಾಕೀಸಿನ ಬೆಂಚಿನ ಕೆಳಗೆ ನಿಮ್ಮ ಕೈಗೆ ಸಿಕ್ಕಿಬಿದ್ದೆನಲ್ಲ, ಆವತ್ತು. ನಮ್ಮೂರಿನವರೆಲ್ಲ ಬಸ್ಸಿಗೆ ಓಡಿಯಾಗಿತ್ತು. ಶೋ ಬಿಟ್ಟ ಮೇಲೆ ನೀವು ಗುಡಿಸಲು ಬಂದು, ಪೊರಕೆಯಲ್ಲೇ ತಿವಿದು, "ಯಾರ್ಲಾ ಅದು" ಅಂದಿರಿ. ನಿದ್ದೆ ಬಂದುಬಿಡ್ತು ರಂಗಕ್ಕ ಅಂದೆ. ನೀವು ಬೈದು, ಟೀ ಕುಡಿಸಿ, ರಾಯದುರ್ಗದ ಕಡೆ ಹೋಗುವ ಈರುಳ್ಳಿ ಲಾರಿ ಹತ್ತಿಸಿ ಕಳಿಸಿದಿರಿ. ನಾನು ಬೇಕಂತಲೇ ಬೆಂಚಿನ ಕೆಳಗೆ ಸೇರಿಕೊಂಡಿದ್ದೆ. ಜೀವನದಲ್ಲಿ ಒಂದು ಸಲ ಪಿಕ್ಚರಿನ ಕೊನೆ ನೋಡಬೇಕಿತ್ತು.

ಇದನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಮೊಳಕಾಲ್ಮುರಿನಲ್ಲಿ ನನಗೆ ಕೆಲಸ ಕೊಟ್ಟಿರುವ ಅಂಜಿನೇಯನಿಗೆ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. ಮ್ಯಾಟ್ನಿ ಮುಗಿಯುವುದು ಐದೂವರೆಗೆ, ನಮ್ಮ ಕಡೆಯ ಕೊನೇ ಬಸ್ಸು ಐದಕ್ಕೆ. ಪಾತಣ್ಣ ಬಸ್ಸನ್ನು ಟಾಕೀಸಿನ ಮುಂದೆ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದ ಅಂದರೆ, ಹೀರೋ ನೇಣುಗಂಬದ ಮೇಲಿದ್ದರೂ ನಮ್ಮೂರಿನವರು ಎದ್ದುಬಿಡಬೇಕು. "ಸಿದ್ದಾಪುರದೋರು ಎದ್ರು, ಇನ್ನು ಕಳ್ಳ ಸಿಗ್ತಾನೆ" ಅಂತ ಚಳ್ಳಕೆರೆಯವರು ಹಿಂದಿನಿಂದ ಛೇಡಿಸುತ್ತಿದ್ದರು. ಹೊರಗೆ ಗೇಟಿನಲ್ಲಿ ನೀವು. ಓಡುತ್ತಿದ್ದವರಿಗೆಲ್ಲ ಒಂದೊಂದೇ ಮಾತಿನಲ್ಲಿ ಕೊನೆ ಹೇಳಿ ಕಳಿಸುತ್ತಿದ್ದಿರಿ. ಬಸ್ಸು ತಳಕು ಊರು ದಾಟುವುದರೊಳಗೆ ಆ ಒಂದು ಮಾತು ಬೆಳೆದು ಅರ್ಧ ಪಿಕ್ಚರ್ ಆಗಿರುತ್ತಿತ್ತು.

ಆವತ್ತು ನೀವು ಹೇಳಿದ್ದು ಇದು: "ಒಡವೆ ಕದ್ದಿದ್ದು ಪೂಜಾರಿ ಬಾಮೈದ, ಜೈಲಾಯ್ತು, ಹೋಗ್ರಿ ಹೋಗ್ರಿ." ಬೆಂಚಿನ ಕೆಳಗಿನಿಂದ ನಾನು ನೋಡಿದ್ದೇ ಬೇರೆ. ಕದ್ದವನು ಹೀರೋ. ಒಡವೆ ವಾಪಸ್ ಇಟ್ಟು ರೈಲು ಹತ್ತಿ ಹೋದ. ಪೂಜಾರಿಗೆ ಬಾಮೈದನೇ ಇರಲಿಲ್ಲ. ಊರಿಗೆ ಬಂದರೆ ಕಟ್ಟೆಯ ಮೇಲೆ ಎಲ್ಲರೂ ಆ ಬಾಮೈದನಿಗೆ ಶಾಪ ಹಾಕುತ್ತಿದ್ದರು. ನಿಜ ನನ್ನ ಬಾಯಿಯಲ್ಲಿತ್ತು. ನುಂಗಿದೆ. "ನನ್ನ ಗುರಿ" ಎಂಬ ಪ್ರಬಂಧಕ್ಕೆ "ನನಗೆ ಗುರಿ ಇಲ್ಲ" ಅಂತ ಒಂದು ಸಾಲು ಬರೆದು ಸೊನ್ನೆ ತೆಗೆದುಕೊಂಡು, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಬಾಯಿಗೆ ಬಂದದ್ದನ್ನು ನುಂಗಿದ್ದು ಅದೊಂದೇ.

ಈಗ ಯಾಕೆ ಬರೆಯುತ್ತಿದ್ದೀನಿ ಅಂದರೆ, ಟಾಕೀಸು ಕೆಡವುತ್ತಾರೆ. ನಿಮಗೂ ಗೊತ್ತಿರುತ್ತೆ, ಹಿಂದಿನ ಬೀದಿಯಲ್ಲೇ ಇದ್ದೀರಿ. ನಾನು ಹೋಗಿ ಟಾಕೀಸಿನ ಯಜಮಾನರು ಚಂದ್ರಣ್ಣನವರನ್ನು ಕೇಳಿದೆ. ಕೆಡವುವ ಮುಂಚೆ ಒಂದು ಶೋ ಮಾಡಿಕೋ ಅಂದರು. ಫೆಬ್ರವರಿ ಒಂಬತ್ತು, ಭಾನುವಾರ, ಮ್ಯಾಟ್ನಿ. ಅಂಜಿನೇಯನದು ಮದುವೆ ವಿಡಿಯೋ ಅಂಗಡಿ. ಅವನ ಪ್ರೊಜೆಕ್ಟರು, ಸ್ಪೀಕರು ತರುತ್ತೀನಿ. ಸಿದ್ದಾಪುರದವರನ್ನು ಟೆಂಪೋದಲ್ಲಿ ತುಂಬಿಸಿಕೊಂಡು ಬಂದು, ಕೊನೆಯ ತನಕ ಕೂರಿಸಿ ತೋರಿಸುತ್ತೀನಿ.

ಯಾವ ಪಿಕ್ಚರ್ ಅಂತ ಊಹಿಸಿ. ಅವ್ವನ ಹೊಳೆ ಪಿಕ್ಚರ್. ಗಂಡ ಮನೆಯಿಂದ ಹೊರಗೆ ಹಾಕಿದ ಹೆಂಗಸು ಹೊಳೆ ದಂಡೆಗೆ ಬಂದು ನಿಲ್ಲುತ್ತಾಳಲ್ಲ, ಅದು. ಬಳ್ಳಾರಿಯಲ್ಲಿ ಹಳೇ ಸಿ.ಡಿ. ಮಾರುವವನ ಹತ್ತಿರ ಸಿಕ್ಕಿತು. ದಂಡೆಯ ತನಕ ನೋಡಿ ನಿಲ್ಲಿಸಿದ್ದೀನಿ. ಮುಂದಿನದನ್ನು ಎಲ್ಲರ ಜೊತೆಗೇ ನೋಡುವವನು. ಅವ್ವನಿಗೆ ಹೇಳಿದಾಗ ಮೆಣಸಿನಕಾಯಿ ಎಣ್ಣೆಯಲ್ಲಿ ಬಿಟ್ಟು ಹಾಗೇ ನಿಂತಳು. ಕಪ್ಪಾದವು.

ನೀವು ಗೇಟಿನಲ್ಲಿ ನಿಲ್ಲಬೇಕು. ಫೋನು ನಿಮ್ಮ ಕಿವಿಗೆ ಹತ್ತುವುದಿಲ್ಲ ಅಂತ ನಿಮ್ಮ ಸೊಸೆ ತ್ರಿವೇಣಕ್ಕ ಹೇಳಿದರು, ಅದಕ್ಕೇ ಕಾಗದ. ಉತ್ತರ ಬರೆಯಿರಿ.

ಲೋಹಿತ


ಚಳ್ಳಕೆರೆ
29 ನವೆಂಬರ್ 2024

ಲೋಹಿತನಿಗೆ ರಂಗಕ್ಕ ಮಾಡುವ ಆಶೀರ್ವಾದ.

ನಿನಗೆ ನಿದ್ದೆ ಬಂದಿರಲಿಲ್ಲ ಅಂತ ಆವತ್ತೇ ಗೊತ್ತಿತ್ತು. ನಿದ್ದೆ ಹೋದೋನ ಬೆನ್ನು ಧೂಳಾಗಬೇಕು. ನಿನ್ನ ಹೊಟ್ಟೆ ಧೂಳಾಗಿತ್ತು.

ಹೌದಪ್ಪ, ಕೊನೆಗಳೆಲ್ಲ ನಾನೇ ಕಟ್ಟಿದ್ದು. ಗೇಟಿನಲ್ಲಿ ನಿಂತವಳಿಗೆ ಒಳಗಿನದು ಏನು ಕಾಣಿಸುತ್ತೆ? ಹಾಡು ಕೇಳಿಸ್ತಿತ್ತು, ಅಳು ಕೇಳಿಸ್ತಿತ್ತು, ಏಟು ಕೇಳಿಸ್ತಿತ್ತು. ಮೊದಲನೇ ಸಲ ನಿಮ್ಮೂರ ಯರ್ರಮ್ಮ ಓಡಿ ಬಂದು, "ರಂಗಕ್ಕ, ಮುಂದೇನಾತದೆ, ಬೇಗ ಹೇಳು" ಅಂದಳು. ಅವಳ ಟಿಕೀಟು ಹರಿದವಳು ನಾನು. ಗೊತ್ತಿಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. "ಮದುವೆ ಆತು, ಅತ್ತೇನೇ ಸೊಸೆ ಕಾಲಿಗೆ ಬಿದ್ಲು" ಅಂದೆ. ಯರ್ರಮ್ಮ ಎಷ್ಟು ಖುಷಿಯಾಗಿ ಬಸ್ ಹತ್ತಿದಳು ಅಂದರೆ, ಅತ್ತೆಗೆ ಬುದ್ಧಿ ಬಂದಿದ್ದು ಅವಳ ಮನೇಲೇ ಏನೋ ಅನ್ನೋ ಹಂಗೆ. ಆಮೇಲೆ ಅದೇ ಅಭ್ಯಾಸವಾಯ್ತು. ಮುಖ ನೋಡಿ ಹೇಳ್ತಿದ್ದೆ. ಒಂದೇ ಪಿಕ್ಚರಿಗೆ ಒಬ್ಬರಿಗೊಂದು ಕೊನೆ ಹೇಳಿದ್ದೂ ಐತೆ. ಬಸ್ಸಿನಲ್ಲಿ ಜಗಳ ಬಂದಿರಬೇಕು.

ನಿನ್ನ ಕಾಗದ ಬಂದ ಮೇಲೆ ಟಾಕೀಸು ಕಣ್ಣಿಗೆ ಕಟ್ಟೈತೆ. ಚಂದ್ರನ ಅಪ್ಪ ಚಿಕ್ಕಬಸಪ್ಪ ಸಾಹುಕಾರರು ಹೊಸ ಪಿಕ್ಚರ್ ತರಲೇ ಇಲ್ಲ ನೋಡು. "ಹೊಸ ಪಿಕ್ಚರ್ ಅಂದ್ರೆ ಹೊಸ ಅಳಿಯ ಇದ್ದಂಗೆ, ಖರ್ಚು ಜಾಸ್ತಿ, ನಿಲ್ಲೋದು ನಾಲ್ಕೇ ದಿನ" ಅಂತಿದ್ದರು. ಊರೂರು ಸುತ್ತಿ ಸವೆದ ರೀಲು ಕೊನೆಗೆ ನಮ್ಮ ಹತ್ರ ಬರ್ತಿದ್ದವು. ಎಲ್ಲದರ ತುಂಬ ಗೀರು. ನಮ್ಮ ಸೀಮೇಲಿ ಮಳೆ ಬರದ ವರ್ಷಾನೂ ನಾಗವೇಣಿ ಟಾಕೀಸಿನ ಪರದೆ ಮೇಲೆ ಮಳೆ ನಿಂತಿದ್ದಿಲ್ಲ.

ಶೋ ಮಾಡು. ನಾನು ಗೇಟಿನಲ್ಲಿ ನಿಲ್ತೀನಿ. ಆದರೆ ಆ ಪಿಕ್ಚರ್ ಬೇಡ. ಕಪ್ಪು ಬಿಳುಪು, ಈಗಿನ ಮಕ್ಕಳು ಕೂರಲ್ಲ. ಅಳುವ ಪಿಕ್ಚರು ಬೇರೆ. ಕೊನೇ ಶೋ ನಗಿಸಬೇಕು. ಕಾಮಿಡಿ ಯಾವುದಾದರೂ ತಗೊಂಬಾ. ನಿಮ್ಮವ್ವನಿಗೆ ನಾನು ಕೇಳಿದೆ ಅಂತ ಹೇಳು.

ರಂಗಕ್ಕ


ಸಿದ್ದಾಪುರ
8 ಡಿಸೆಂಬರ್ 2024

ರಂಗಕ್ಕ,

ನಿಮ್ಮ ಕಾಗದವನ್ನು ಅವ್ವನ ಹೋಟ್ಲಿನಲ್ಲಿ ಗಟ್ಟಿಯಾಗಿ ಓದಿದೆ. ಅವ್ವನಿಗೆ ಓದಲು ಬರುವುದಿಲ್ಲವಲ್ಲ, ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳುವುದು. ಜಟಿಂಗ ರಾಮೇಶ್ವರನ ಬೆಟ್ಟ ಇಳಿದು ಮಂಡಕ್ಕಿ ತಿನ್ನುತ್ತಿದ್ದವರೂ ಕಿವಿಗೊಟ್ಟು ಕೇಳಿದರು. ಯರ್ರಮ್ಮಜ್ಜಿ ಅಲ್ಲೇ ಕೂತಿತ್ತು. "ಹಂಗಾದ್ರೆ ಆ ಅತ್ತೆ ಕಾಲಿಗೆ ಬಿದ್ದಿಲ್ವಾ?" ಅಂತ ಎರಡು ಸಲ ಕೇಳಿತು. "ಬಿದ್ದಿರ್ತಾಳೆ ತಗೋ" ಅಂತ ತಾನೇ ತೀರ್ಮಾನ ಮಾಡಿ ಟೀ ಮುಗಿಸಿತು. ಒಬ್ಬರಿಗೂ ಸಿಟ್ಟು ಬಂದಿಲ್ಲ. ಪಾತಣ್ಣ ಮಾತ್ರ, "ನಾನು ಹಾರ್ನ್ ಹೊಡೀದಿದ್ರೆ ಈಯಮ್ಮಂಗೆ ಕಥೆ ಕಟ್ಟೋ ಕೆಲ್ಸಾನೇ ಇರ್ತಿರ್ಲಿಲ್ಲ, ಅರ್ಧ ಹೆಸ್ರು ನಂದು" ಅಂದ.

ಅವ್ವ ನಕ್ಕಳು. ಆಮೇಲೆ ಹೇಳಿದಳು: "ಎಲ್ಲಾ ಕಟ್ಟಿರಬಹುದು ಕಣೋ. ನನ್ನ ಪಿಕ್ಚರಿಂದು ಮಾತ್ರ ಕಟ್ಟಿದ್ದಲ್ಲ. ಅದನ್ನ ಆಕೆ ನನ್ನ ಕೈ ಹಿಡ್ಕಂಡು ಹೇಳಿದ್ದು."

ಆದ್ದರಿಂದ ನೀವು ಹೆದರಬೇಡಿ. ನೀವು ಬೇರೆ ಪಿಕ್ಚರ್ ಕೇಳುವುದು ಯಾಕೆ ಅಂತ ನನಗೆ ಅರ್ಥವಾಗಿದೆ. ನಿಮ್ಮ ಗುಟ್ಟು ಬಯಲಾಗುತ್ತೆ ಅಂತ. ಅದು ಆಗಲೇ ಬಯಲಾಯಿತು, ಊರು ನಕ್ಕಿತು, ಮುಗಿಯಿತು. ಪಿಕ್ಚರ್ ಬದಲಿಸುವುದಿಲ್ಲ. ಅವ್ವ ಬೆಟ್ಟಕ್ಕೆ ಬರುವವರಿಗೆಲ್ಲ ಹೇಳುತ್ತಿದ್ದಾಳೆ: ಆಕೆ ಹೊಳೆ ದಾಟಿ ಹೋಗಿ ಹೋಟ್ಲು ಇಡ್ತಾಳೆ, ನೋಡ್ರಿ, ಕೊನೆಗೆ ಗಂಡನೇ ಬಂದು ಆಕೆ ಹೋಟ್ಲಲ್ಲಿ ದುಡ್ಡು ಕೊಟ್ಟು ಉಣ್ಣಬೇಕಾಗ್ತದೆ ಅಂತ. ಗಂಡ ಉಣ್ಣುವುದು ನೀವು ಹೇಳಿದ್ದೋ ಅವ್ವ ಸೇರಿಸಿದ್ದೋ ಗೊತ್ತಿಲ್ಲ. ಹೋಟ್ಲು ಶುರುವಾದಾಗಿನಿಂದ ಅವ್ವ ಒಂದು ದಿನ ಒಲೆ ಆರಿಸಿದವಳಲ್ಲ. ಆ ಭಾನುವಾರ ಮುಚ್ಚುತ್ತೀನಿ ಅಂದಿದ್ದಾಳೆ.

ನನ್ನ ಕೆಲಸಗಳ ಕಥೆ ನಿಮಗೆ ಗೊತ್ತು. ಕುರಿ ಕಾಯ್ದೆ, ಮಗ್ಗದಲ್ಲಿ ಕೂತೆ, ಕುದಾಪುರದಲ್ಲಿ ಕಟ್ಟಡ ಏಳುವಾಗ ವಾಚ್‌ಮನ್ ಆಗಿದ್ದೆ. ಯಾವುದರಲ್ಲೂ ಕಾಲು ನಿಲ್ಲಲಿಲ್ಲ. ಮದುವೆ ವಿಡಿಯೋ ಎಷ್ಟು ದಿನವೋ. ಆದರೆ ಈ ಶೋ ಅಂದರೆ ಹಾಗಲ್ಲ. ಇದನ್ನು ಮುಗಿಸುತ್ತೀನಿ.

ಲೋಹಿತ


ಚಳ್ಳಕೆರೆ
20 ಡಿಸೆಂಬರ್ 2024

ಲೋಹಿತನಿಗೆ,

ಶೋ ಆಗೋ ಹಂಗೆ ಕಾಣಲ್ಲಪ್ಪ. ಪರದೆ ಕಡೆ ಗೋಡೆ ಬಿರುಕು ಬಿಟ್ಟು ಅರ್ಧ ಕೂತೈತೆ. ಒಳಗೆ ಜನ ಕೂರಿಸಿದರೆ ತಲೆ ಮೇಲೆ ಬೀಳುತ್ತೆ. ಚಂದ್ರಣ್ಣನೂ ಹಂಗೇ ಅಂದ ನೆನಪು. ಹೆಂಗಸರು ಮಕ್ಕಳನ್ನ ಕಟ್ಟಿಕೊಂಡು ಬರೋದು ಬೇಡ.

ನನಗೂ ಮೈಯಲ್ಲಿ ಹುಷಾರಿಲ್ಲ. ನಿಮ್ಮವ್ವನಿಗೆ ಬೇಜಾರು ಮಾಡಿಕೊಳ್ಳಬೇಡ ಅಂತ ಹೇಳು. ಒಲೆ ಆರಿಸೋದು ಬೇಡ ಅನ್ನು.

ರಂಗಕ್ಕ


ಮೊಳಕಾಲ್ಮುರು
27 ಡಿಸೆಂಬರ್ 2024

ರಂಗಕ್ಕ,

ಇದನ್ನು ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೀನಿ. ನಿಮ್ಮ ಹಿಂದಿನ ಕಾಗದವನ್ನು ಅವ್ವನಿಗೆ ಓದಲಿಲ್ಲ. ಮೊದಲು ಹೋಗಿ ಕಣ್ಣಾರೆ ನೋಡೋಣ ಅಂತ ನಿನ್ನೆ ಚಳ್ಳಕೆರೆಗೆ ಬಂದಿದ್ದೆ.

ಗೋಡೆ ಗಟ್ಟಿಯಾಗಿದೆ. ಕೈಯಿಂದ ಗುದ್ದಿ ನೋಡಿದೆ, ನನ್ನ ಕೈ ನೊಂದಿತು. ಚಂದ್ರಣ್ಣನವರನ್ನು ಕೇಳಿದರೆ, "ಯಾವ ಗೋಡೆನಯ್ಯ? ಕೆಡವಕ್ಕೆ ಜೆ.ಸಿ.ಬಿ.ಯೋನು ಎರಡು ದಿನ ಬೇಕು ಅಂತಾನೆ" ಅಂದರು. ನಿಮ್ಮ ಮನೆಗೆ ಹೋದೆ. ತ್ರಿವೇಣಕ್ಕ ಹೊಲಿಗೆ ಮೆಷಿನ್ ತುಳಿಯುತ್ತಾ, "ಅತ್ತೆ ಈಗ ತಾನೇ ಹಿತ್ತಲ ಬಾಗಿಲಿಂದ ಹೋದ್ರು" ಅಂದರು. ಜ್ವರವಾ ಅಂದೆ. "ಜ್ವರಾನಾ? ಬೆಳಗ್ಗೆ ನಾಲ್ಕು ರೊಟ್ಟಿ ತಿಂದ್ರು" ಅಂದರು. ನನ್ನನ್ನು ಕಂಡೇ ಹೋದಿರಿ.

ವಾಪಸ್ ಬರುವ ಮುಂಚೆ ಟಾಕೀಸಿನ ಒಳಗೆ ಒಬ್ಬನೇ ನಿಂತಿದ್ದೆ. ಈಗ ಅದು ಗೋದಾಮು, ಪೂರ್ತಿ ಶೇಂಗಾ ಮೂಟೆ. ಆಗ ಕಾಲಿಟ್ಟ ಕಡೆಯೆಲ್ಲ ಶೇಂಗಾ ಸಿಪ್ಪೆ ಚರಚರ ಅನ್ನುತ್ತಿತ್ತಲ್ಲ, ವಾಸನೆ ಅದೇ ಇದೆ. ಇಳಿಜಾರಿನಲ್ಲಿ ಯಾರೋ ಕಾಲು ತಾಗಿಸಿದ ಸೋಡಾ ಬಾಟಲಿ ಹಿಂದಿನಿಂದ ಉರುಳುತ್ತಾ ಪರದೆಯ ತನಕ ಹೋಗುವುದು, ಅದು ಹೋಗಿ ನಿಲ್ಲುವ ತನಕ ಯಾರೂ ಪಿಕ್ಚರ್ ನೋಡುತ್ತಿರಲಿಲ್ಲ. ಪರದೆಯ ಎಡಗಡೆ ಹೊಲಿದಿದ್ದ ತೇಪೆ. ಆ ಕಡೆ ನಿಂತ ಹೀರೋಯಿನ್‌ಗೆಲ್ಲ ಕೆನ್ನೆಯ ಮೇಲೆ ಹೊಲಿಗೆ. ಅದು ಆಕೆಯ ಗುರುತು ಅಂತಲೇ ನಾನು ತಿಳಿದಿದ್ದೆ, ಪಿಕ್ಚರಿಂದ ಪಿಕ್ಚರಿಗೆ ಹುಡುಕುತ್ತಿದ್ದೆ. ಹೆಂಗಸರ ಕಡೆಯ ಅಡ್ಡಗೋಡೆ ಇನ್ನೂ ಇದೆ. ಅವ್ವ ಯಾವಾಗಲೂ ಅದರ ತುದಿಯಲ್ಲಿ ಕೂರುತ್ತಿದ್ದಳು, ಹಾರ್ನ್ ಆದ ತಕ್ಷಣ ಏಳಲು.

ನೀವು ನನಗೆ ಸುಳ್ಳು ಹೇಳಿದಿರಿ. ಗೇಟಿನಲ್ಲಿ ಹೇಳುತ್ತಿದ್ದದ್ದು ಬೇರೆ, ಅದು ಚೆಂದಕ್ಕೆ. ಇದು ಹಾಗಲ್ಲ. ಶಾಲೆ ಬಿಟ್ಟವನು, ಇವನ ಕೈಯಲ್ಲಿ ಏನಾಗುತ್ತೆ ಅಂತ ಅನ್ನಿಸಿದ್ದರೆ ನೇರವಾಗಿ ಹೇಳಿ. ಅನ್ನಿಸಿಕೊಂಡು ನನಗೆ ಅಭ್ಯಾಸವಿದೆ.

ಲೋಹಿತ


ಚಳ್ಳಕೆರೆ
14 ಜನವರಿ 2025

ಲೋಹಿತ,

ಈ ಕಾಗದ ನಿಮ್ಮವ್ವನ ಮುಂದೆ ಓದಬೇಡ. ಹೋಟ್ಲಿನಲ್ಲಿ ಓದಬೇಡ. ಒಬ್ಬನೇ ಬೆಟ್ಟ ಹತ್ತಿ ಕೂತು ಓದು. ಇದಕ್ಕೇ ಇಷ್ಟು ದಿನ ಬರೆಯಲಿಲ್ಲ. ನಾನು ಏನು ಬರೆದರೂ ಅದು ನಿಮ್ಮವ್ವ ಮೂಗಮ್ಮನ ಕಿವಿಗೆ ಬೀಳುತ್ತೆ.

ನಿನ್ನ ಶಾಲೆ ಕಟ್ಟಿಕೊಂಡು ನನಗೇನು. ಹುಚ್ಚ.

ನೀನು ಇನ್ನೂ ಕಂಕುಳ ಕೂಸು. ನಿಮ್ಮಪ್ಪ ರಾಯದುರ್ಗದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡು ಹೋಗಿದ್ದ ವರ್ಷ. ನಿಮ್ಮವ್ವ ಅವನನ್ನ ಹುಡುಕಿಕೊಂಡು ಹೋಗಿ, ಬೈಸಿಕೊಂಡು, ಸಂತೆ ಅಂತ ಚಳ್ಳಕೆರೆಗೆ ಬಂದು, ಊರಿನ ಹೆಂಗಸರ ಜೊತೆ ಟಾಕೀಸಿಗೆ ಬಂದಿದ್ದಳು. ಹೊಳೆ ಪಿಕ್ಚರ್. ಪಾತಣ್ಣ ಹಾರ್ನ್ ಹೊಡೆದ. ಎಲ್ಲರೂ ಓಡಿದರು. ಇವಳು ಓಡಲಿಲ್ಲ. ನಿನ್ನನ್ನ ಎತ್ತಿಕೊಂಡು ನಿಧಾನವಾಗಿ ಬಂದಳು, ಮನೆಗೆ ಹೋಗಬೇಕು ಅನ್ನೋರು ಹಂಗೆ ನಡೆಯಲ್ಲ. ನನ್ನ ಮುಂದೆ ನಿಂತು, "ಅಕ್ಕ, ಅವಳು ನೀರಿಗೆ ಬೀಳ್ತಾಳಾ?" ಅಂದಳು.

ಅದು ಪಿಕ್ಚರಿನ ವಿಷಯ ಅಲ್ಲ ಅಂತ ನನಗೆ ಗೊತ್ತಾಯ್ತು.

ಕೈ ಹಿಡಕೊಂಡೆ. "ಯಾಕೆ ಬೀಳ್ತಾಳೆ? ಹೊಳೆ ದಾಟ್ತಾಳೆ. ಆ ಕಡೆ ಊರಲ್ಲಿ ಹೋಟ್ಲು ಇಡ್ತಾಳೆ. ಮಗನ್ನ ಸಾಕ್ತಾಳೆ" ಅಂದೆ. ಹೋಟ್ಲು ಯಾಕೆ ಬಾಯಿಗೆ ಬಂತೋ. ಎದುರಿಗೆ ಹೋಟ್ಲಿತ್ತು, ಮೆಣಸಿನಕಾಯಿ ಕರೀತಿದ್ದರು, ಅಷ್ಟೇ. "ಹೋಟ್ಲಾ?" ಅಂದಳು. "ಹೂಂ. ಮಂಡಕ್ಕಿ ಮೆಣಸಿನಕಾಯಿ" ಅಂದೆ. ಪಾತಣ್ಣ ಮೂರನೇ ಹಾರ್ನ್ ಹೊಡೆದು "ಎಕ್ಕಂಡಿ ಎಕ್ಕಂಡಿ, ಹತ್ತಮ್ಮಾ" ಅಂತ ತೆಲುಗು ಕನ್ನಡ ಎರಡರಲ್ಲೂ ಕೂಗ್ತಿದ್ದ. ನಾನೇ ದಬ್ಬಿ ಹತ್ತಿಸಿದೆ.

ಅದೇ ಪಿಕ್ಚರ್ ಮರುವರ್ಷ ತಿರುಗಿ ಬಂತು. ಆವತ್ತು ಗೇಟಿಗೆ ಬೀಗ ಹಾಕಿ ಒಳಗೆ ಹೋಗಿ ನಿಂತೆ. ಸಾಹುಕಾರರು ನೋಡಿದರೆ ಕೆಲಸ ಹೋಗ್ತಿತ್ತು. ನೋಡಿದೆ. ಅವಳು ಬೀಳ್ತಾಳೆ ಲೋಹಿತ. ಸೆರಗು ನೀರ ಮೇಲೆ ತೇಲುತ್ತೆ, ಮುಗೀತು. ಹೋಟ್ಲಿಲ್ಲ, ಏನಿಲ್ಲ.

ಅದಾದ ಮುಂದಿನ ಸಂತೆಗೇ ನಿಮ್ಮವ್ವ ಬಂದು, ಪೇಪರಿನಲ್ಲಿ ಸುತ್ತಿದ ಮೆಣಸಿನಕಾಯಿ ನನ್ನ ಕೈಯಲ್ಲಿ ಇಟ್ಟು, "ಬೆಟ್ಟದ ಬುಡದಲ್ಲಿ ಇಟ್ಟೆ ಅಕ್ಕ. ನಡೀತದೆ" ಅಂದಳು. ಎಣ್ಣೆ ಇನ್ನೂ ಬಿಸಿ ಇತ್ತೋ ನನ್ನ ಕೈಯೇ ಬಿಸಿ ಇತ್ತೋ. ಯಾವ ಬಾಯಲ್ಲಿ ಹೇಳಲಿ.

ಅಂಜಿನೇಯನಿಗೆ ಹೇಳಿ ಕೊನೇದನ್ನ ಕತ್ತರಿಸು. ಮದುವೆ ವಿಡಿಯೋದಲ್ಲಿ ಬೇಡದೋರನ್ನ ಕತ್ತರಿಸಲ್ವಾ. ಇಲ್ಲ, ದಂಡೆ ಬಂದ ತಕ್ಷಣ ಕರೆಂಟ್ ಹೋಯ್ತು ಅನ್ನು. ನಾನು ಗೇಟಿನಲ್ಲಿ ನಿಂತು ಹಳೇದನ್ನೇ ಹೇಳ್ತೀನಿ. ಇದೊಂದು ಮಾಡು.

ಹಬ್ಬ ಇವತ್ತು. ಎಳ್ಳು ಬೆಲ್ಲ ಈ ಕವರಿನಲ್ಲಿ ಹಾಕಬೇಕು ಅಂದುಕೊಂಡೆ, ಪೋಸ್ಟಿನೋರು ಬೈತಾರೆ ಅಂದಳು ತ್ರಿವೇಣಿ.

ರಂಗಕ್ಕ


ಸಿದ್ದಾಪುರ
19 ಜನವರಿ 2025

ರಂಗಕ್ಕ,

ಬೆಟ್ಟದ ಮೇಲೆ ಕೂತೇ ಓದಿದೆ. ಕೆಳಗೆ ಅವ್ವನ ಹೋಟ್ಲಿನ ಹೊಗೆ ಕಾಣಿಸುತ್ತಿತ್ತು.

ಕತ್ತರಿಸುವುದಿಲ್ಲ. ಕರೆಂಟ್ ಹೋಯಿತು ಅನ್ನುವುದೂ ನನ್ನಿಂದ ಆಗುವುದಿಲ್ಲ. ಇಷ್ಟು ಮಾತ್ರ ಗೊತ್ತಿದೆ. ಬೇರೆ ಏನು ಮಾಡಬೇಕು ಗೊತ್ತಿಲ್ಲ.

ಲೋಹಿತ


ಚಳ್ಳಕೆರೆ
25 ಜನವರಿ 2025

ಲೋಹಿತ,

ನಿಜ ಹೇಳೋದು ನಿನ್ನ ಹಟ. ನಿನಗೆ ಅದರಿಂದ ಹೋಗಿದ್ದು ಏನು, ಒಂದು ಶಾಲೆ. ಅವಳ ಹತ್ರ ಇರೋದು ಆ ಹೋಟ್ಲು. ಅದು ನಿಂತಿರೋದು ನಾನು ಹೇಳಿದ ಒಂದು ಮಾತಿನ ಮೇಲೆ. ಅದನ್ನ ಎಳೆದು ನೋಡಬೇಕು ಅಂತ ನಿನಗೆ ಯಾಕಪ್ಪ?

ನಾನು ಅವತ್ತು ಹೇಳಿದ್ದು ತಪ್ಪು ಅಂತ ನನಗೆ ಈಗಲೂ ಅನಿಸಲ್ಲ. ಇನ್ನೊಂದು ಸಲ ಅವಳು ಹಂಗೆ ಬಂದು ನಿಂತರೆ ಅದನ್ನೇ ಹೇಳ್ತೀನಿ. ಆದರೆ ಅವಳು ಪರದೆ ನೋಡಿ ನನ್ನ ಕಡೆ ತಿರುಗಿದರೆ ನಾನು ಎಲ್ಲಿ ನೋಡಲಿ, ಅದು ಹೇಳು. ಅದಕ್ಕೇ ಹಿತ್ತಲಿಂದ ಓಡಿದ್ದು.

ಶೋ ದಿನ ನಾನು ಬರಲ್ಲ.

ರಂಗಕ್ಕ


ಸಿದ್ದಾಪುರ
8 ಫೆಬ್ರವರಿ 2025

ರಂಗಕ್ಕ,

ಇದನ್ನು ಪೋಸ್ಟಿಗೆ ಹಾಕುತ್ತಿಲ್ಲ, ನಾಳೆಯೊಳಗೆ ತಲುಪುವುದಿಲ್ಲ. ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೀನಿ. ಅವನು ತ್ರಿವೇಣಕ್ಕನ ಹೊಲಿಗೆ ಅಂಗಡಿಗೆ ಮುಟ್ಟಿಸುತ್ತಾನೆ. ಹಿತ್ತಲ ಕಡೆ ಓಡದೆ ಓದಿ.

ಅವ್ವನಿಗೆ ಹೇಳಿದೆ.

ಭಾನುವಾರವೇ ಹೇಳಿದೆ, ಬೆಟ್ಟದ ಜನ ಕರಗಿದ ಮೇಲೆ. ಅವ್ವ ಬಾಂಡ್ಲಿ ತಿಕ್ಕುತ್ತಿದ್ದಳು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ಅವ್ವ, ಹೊಳೆ ಪಿಕ್ಚರಲ್ಲಿ ಆಕೆ ನೀರಿಗೆ ಬಿದ್ದು ಸಾಯ್ತಾಳಂತೆ" ಅಂದೆ.

"ಯಾರು ಅಂದೋರು?"

"ರಂಗಕ್ಕ."

"ಆಕೇನೇ ಅಲ್ವೇನೋ ಹೋಟ್ಲು ಇಡ್ತಾಳೆ ಅಂದಿದ್ದು?"

"ಅದು ನೀನು ಬಸ್ ಹತ್ತಲಿ ಅಂತ ಹೇಳಿದ್ದು."

ನಿಮ್ಮ ಕಾಗದವನ್ನು ಪೂರ್ತಿ ಓದಿದೆ. ನೀವು ಬೇಡ ಅಂದಿದ್ದನ್ನು ಮಾಡಿದೆ. ಅದಕ್ಕೆ ಬೈಯುವುದಾದರೆ ಮುಖದೆದುರು ಬೈಯಿರಿ. ಅವ್ವ ಬಾಂಡ್ಲಿ ಬೋರಲು ಹಾಕಿ, ಕೈ ತೊಳೆದು, ಒಳಗೆ ಹೋಗಿ ಮಲಗಿದಳು.

ಮರುದಿನ ಒಲೆ ಹಚ್ಚಲಿಲ್ಲ. ದಾವಣಗೆರೆ ಕಡೆಯವರು ಬೆಟ್ಟ ಇಳಿದು ಬಂದು ಟೀ ಕೇಳಿದರು. ಎದ್ದು ಬರಲಿಲ್ಲ. ಪಾತಣ್ಣನೇ ಟೀ ಮಾಡಲು ಹೋಗಿ ಹಾಲು ಸೀಯಿಸಿದ. "ಇದೇನು ಟೀನೋ ಡೀಸೆಲ್ಲೋ" ಅಂತ ಅವರು ಕೇಳಿದರೆ, "ಇಷ್ಟು ದಿನ ಅದರ ಮೇಲೇ ನಡೆದವ್ನು ನಾನು, ಕುಡೀರಿ ಏನೂ ಆಗಲ್ಲ" ಅಂದ. ನನಗೆ ನಗಲು ಆಗಲಿಲ್ಲ. ನೀವೇ ಸರಿ, ನಾನು ಎಳೆದು ಬೀಳಿಸಿದೆ ಅಂತ ಅನ್ನಿಸಿಬಿಟ್ಟಿತ್ತು. ಊರು ಬಿಟ್ಟು ಎಲ್ಲಾದರೂ ಹೋಗಿಬಿಡೋಣ ಅಂತಲೂ ಅನ್ನಿಸಿತು. ಹೋಗುವುದು ನನಗೆ ಸುಲಭ. ಅದಕ್ಕೇ ಹೋಗಲಿಲ್ಲ.

ಅದರ ಮಾರನೇ ದಿನ ಬೆಳಗ್ಗೆ ನಾನು ಏಳುವುದರೊಳಗೆ ಅವ್ವ ಒಲೆಯ ಮುಂದೆ ಕೂತಿದ್ದಳು. ಹಚ್ಚಿರಲಿಲ್ಲ, ಸುಮ್ಮನೆ ಕೂತಿದ್ದಳು. ನನ್ನ ಕಡೆ ನೋಡದೆ ಅಂದಳು:

"ಲೋಹಿತ, ಅಲ್ಲಿ ದಿನಕ್ಕೆ ಎಷ್ಟು ಶೋ ಇತ್ತೋ?"

"ನಾಲ್ಕು."

"ದಿನಕ್ಕೆ ನಾಲ್ಕು ಸಲ ಬಿದ್ದವ್ಳೆ ಪಾಪ." ಒಲೆಯ ಬೂದಿ ಕೆದಕುತ್ತಾ, "ನಾವು ಅವಳನ್ನ ದಂಡೇಲಿ ಬಿಟ್ಟು ಬಸ್ಸಿಗೆ ಓಡಿದ್ವಲ್ಲೋ" ಅಂದಳು.

ನಾನು ಕಟ್ಟಿಗೆ ತಂದು ಒಲೆಯ ಮುಂದೆ ಇಟ್ಟೆ.

"ಒಬ್ರಾದ್ರೂ ಕೂತು ನೋಡ್ಬೇಕು ಅವಳನ್ನ. ನನಗೊಂದು ದಾರಿ ಆತು. ಅವಳಿಗೆ ಯಾರೂ ಗೇಟಲ್ಲಿ ನಿಂತು ಹೇಳಲಿಲ್ಲ."

ಆಮೇಲೆ ಒಲೆ ಹಚ್ಚಿದಳು. ಹಚ್ಚುತ್ತಾ ನಿಮ್ಮನ್ನು ಬೈದಳು. ಬೈದಿದ್ದನ್ನು ಹಾಗೇ ಬರೆಯುತ್ತೀನಿ, ಒಂದಕ್ಷರ ಬಿಡುವುದಿಲ್ಲ: "ಮುದುಕಿಗೆ ಎಷ್ಟು ಧೈರ್ಯ ನೋಡು, ಮೆಣಸಿನಕಾಯಿ ಮುಖಾನೇ ನೋಡಿರ್ಲಿಲ್ಲ ನಾನು, ಹೋಟ್ಲು ಇಡು ಅಂತಾಳೆ. ಮೊದಲ ವರ್ಷ ಎರಡೂ ಕೈ ಸುಟ್ಕಂಡಿದ್ದೀನಿ. ಬರ್ಲಿ ಸಿಕ್ಲಿ." ಬೈಯುತ್ತಾ ಬೈಯುತ್ತಾ ಒಂದು ಬಾಂಡ್ಲಿ ಮೆಣಸಿನಕಾಯಿ ಕರಿದಳು. ಒಂದೂ ಕಪ್ಪಾಗಲಿಲ್ಲ.

ಕರಿದು ಮುಗಿಸಿ, ನಿಮಗೆ ಹೇಳಿ ಕಳಿಸು ಅಂತ ಅವ್ವ ಹೇಳಿದ್ದು ಇಷ್ಟು: ಈ ಸಲ ಗೇಟಿನಲ್ಲಿ ನಿಲ್ಲುವುದು ಬೇಡ. ಗೇಟು ಲೋಹಿತ ನೋಡಿಕೊಳ್ಳುತ್ತಾನೆ. ಹೆಂಗಸರ ಕಡೆ, ಅಡ್ಡಗೋಡೆಯ ತುದಿಯಲ್ಲಿ, ನನ್ನ ಪಕ್ಕ ಕೂರಬೇಕು. ದಂಡೆಯ ತನಕ ನಾನೊಬ್ಬಳೇ ನೋಡುತ್ತೀನಿ. ಅಲ್ಲಿಂದ ಮುಂದೆ ಒಬ್ಬಳಿಗೇ ನನ್ನಿಂದ ಆಗುವುದಿಲ್ಲ, ಕೈ ಹಿಡಿದುಕೊಳ್ಳಬೇಕು. ಕಿವಿ ಕೇಳಿಸದಿದ್ದರೆ ಏನಂತೆ, ಅದು ನೋಡುವ ಪಿಕ್ಚರ್.

ನೀವು ಕೇಳಿದ್ದಿರಿ, ಅವಳು ನನ್ನ ಕಡೆ ತಿರುಗಿದರೆ ನಾನು ಎಲ್ಲಿ ನೋಡಲಿ ಅಂತ. ಅವ್ವ ಪರದೆ ನೋಡುತ್ತಿರುತ್ತಾಳೆ ರಂಗಕ್ಕ. ನೀವೂ ಪರದೆ ನೋಡಿ.

ಮಿಕ್ಕಿದ್ದೆಲ್ಲ ಸಿದ್ಧವಾಗಿದೆ. ಅಂಜಿನೇಯ ಇವತ್ತೇ ಸ್ಪೀಕರ್ ಕಟ್ಟಲು ಚಳ್ಳಕೆರೆಗೆ ಹೋಗಿದ್ದಾನೆ. ಶೇಂಗಾ ಮೂಟೆಗಳನ್ನು ಒಂದು ಕಡೆ ಒಟ್ಟಲು ಚಂದ್ರಣ್ಣ ಆಳು ಕೊಟ್ಟಿದ್ದಾರೆ. ಬೆಂಚು ಸಾಲದಿದ್ದರೆ ಮೂಟೆಯ ಮೇಲೇ ಕೂರುವುದು. ಪರದೆ ಹೊಸದು, ತೇಪೆ ಇಲ್ಲ, ಅದೊಂದು ಬೇಜಾರು. ಪಿಕ್ಚರ್ ಮಾತ್ರ ಹಳೇ ರೀಲಿನಿಂದ ಇಳಿಸಿದ್ದು, ಗೀರು ಹಾಗೇ ಇವೆ. ನಿಮ್ಮ ಮಳೆ ಬರುತ್ತೆ.

ಯರ್ರಮ್ಮಜ್ಜಿ ಬರುತ್ತೆ, ಆದರೆ ಕೊನೆ ನೋಡುವುದಿಲ್ಲವಂತೆ. "ಐದು ಗಂಟೆಗೆ ಎದ್ದು ಹೊರಗೆ ಬರ್ತೀನಿ, ಗೇಟಲ್ಲಿ ನೀನೇ ಏನಾರ ಒಂದು ಹೇಳು" ಅಂದಿದೆ. ನಾನು ನಿಜ ಹೇಳುತ್ತೀನಜ್ಜಿ ಅಂದೆ. "ಹಂಗಾದ್ರೆ ಬೇಡ, ನಾನೇ ಕಟ್ಕಂತೀನಿ" ಅಂದಿತು.

ಟೆಂಪೋ ಪಾತಣ್ಣನೇ ಓಡಿಸುವುದು. ಅಷ್ಟು ವರ್ಷ ಆ ಟಾಕೀಸಿನ ಮುಂದೆ ಬಸ್ಸು ನಿಲ್ಲಿಸಿದವನು, ಒಳಗೆ ಒಂದು ದಿನ ಕಾಲಿಟ್ಟಿಲ್ಲ. ಈ ಸಲ ಅವನೂ ಒಳಗೆ ಬರುತ್ತಾನೆ. ಹಾರ್ನ್ ಹೊಡೆಯುವುದಿಲ್ಲ ಅಂತ ಅವ್ವನಿಗೆ ಮಾತು ಕೊಟ್ಟಿದ್ದಾನೆ.

ನಾಳೆ ಬೆಳಗ್ಗೆ ಹತ್ತಕ್ಕೆ ಹೊರಡುತ್ತೀವಿ.

ಲೋಹಿತ